ಫರ್ಜಾನಾಳ ಬೆರಕೆ ಕೀಬೋರ್ಡು

ಫರ್ಜಾನಾ ತಮ್ಮ ಜೀವನಚರಿತ್ರೆಯನ್ನು ಅರ್ಧಕ್ಕರ್ಧ ನುಂಗಿ ಹಾಕುತ್ತಿದ್ದಾಳೆ ಎಂಬ ಅನುಮಾನ ಉಮಾಪತಿಯವರಿಗೆ ಬಂದದ್ದು ಮೊದಲನೆಯ ಅಧ್ಯಾಯದಲ್ಲೇ.

ಬಳ್ಳಾರಿಯ ಬ್ರೂಸ್‌ಪೇಟೆಯ ಒಣಮೆಣಸಿನಕಾಯಿ ಸಗಟು ಅಂಗಡಿಯ ಮೇಲಿನ ಕೋಣೆಯಲ್ಲಿ ಆಕೆಯ ಡಿಟಿಪಿ ಸೆಂಟರು. ಉಮಾಪತಿಯವರು ಬಾಯಿಂದ ಹೇಳುವುದು, ಆಕೆ ಟೈಪ್ ಮಾಡುವುದು ಎಂದು ಒಪ್ಪಂದ. ಅವರು ಮೆಣಸಿನ ಘಾಟಿಗೆ ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ, "ಕುರುಗೋಡಿನ ಆ ಬಡ ಮಣ್ಣಿನಲ್ಲಿ ಅಂದು ಬೆಳಗಿನ ಜಾವ ಒಂದು ದಿವ್ಯ ಶಿಶುವಿನ ಆಗಮನವಾಯಿತು" ಎಂಬಂಥ ವಾಕ್ಯಗಳನ್ನು ಒಂದರ ಹಿಂದೊಂದು ಬಿಡುತ್ತಿದ್ದರು. ಅಷ್ಟುದ್ದದ ವಾಕ್ಯಕ್ಕೆ ಕೀಬೋರ್ಡಿನಿಂದ ಹೊರಟದ್ದು ‘ಟಕ್’ ಎಂಬ ನಾಲ್ಕೈದು ಸದ್ದು. ಉಳಿದದ್ದೆಲ್ಲ ಮೌನ. ದಿವ್ಯ ಶಿಶು ಬಂದದ್ದಂತೂ ಯಾರಿಗೂ ಕೇಳಿಸದಂತೆ ಬಂದಿತ್ತು.

ಟೈಪಿಂಗ್ ಎಂದರೆ ಆಲಿಕಲ್ಲು ಬಿದ್ದಂತೆ ಒಂದೇ ಸಮ ಬೀಳಬೇಕು ಎಂಬುದು ಅವರ ತಿಳಿವಳಿಕೆ. ಗೊಬ್ಬರದಂಗಡಿಯಲ್ಲಿ ಗುಮಾಸ್ತರಾಗಿದ್ದಾಗ ಪಕ್ಕದ ಟೈಪಿಂಗ್ ಶಾಲೆಯ ಸದ್ದು ಕೇಳಿದ್ದವರು.

"ಏನವ್ವಾ, ನಾನೇನು ಗೋಡಿ ಮುಂದ ಹೇಳಾಕತ್ತೀನೇನು? ಹತ್ತು ಮಾತಿಗೆ ಒಂದು ಹೊಡೀತಿ. ಉಳಿದದ್ದು ಎಲ್ಲಿ ಹೋತು?"

ಫರ್ಜಾನಾ ಪರದೆಯನ್ನು ಅವರತ್ತ ತಿರುಗಿಸಿದಳು. ಇತ್ತು. ಎಲ್ಲ ಇತ್ತು. ಬಡ ಮಣ್ಣು, ಬೆಳಗಿನ ಜಾವ, ದಿವ್ಯ ಶಿಶು, ಒತ್ತು ಕೊಂಬು ಸಮೇತ. "ಏನವ್ವಾ, ನಾನೇನು ಗೋಡಿ ಮುಂದ" ಎಂಬುದೂ ಕೊನೆಗೆ ಸೇರಿಕೊಂಡಿತ್ತು. ಉಮಾಪತಿಯವರು ದಂಗಾಗಿ ಪರದೆಯನ್ನು ಒಮ್ಮೆ, ಆಕೆಯ ಕೈಯನ್ನು ಒಮ್ಮೆ ನೋಡಿದರು. ಸದ್ದಿಲ್ಲದೆ ಅಕ್ಷರ ಹುಟ್ಟುವುದು ಅವರ ಮಟ್ಟಿಗೆ ಮಾಟ ಮಂತ್ರದ ಬಾಬತ್ತು.

"ಕೆಲಸಗಳ್ಳಿ ಅಂತೀರೇನ್ರಿ ನನ್ನ?" ಎಂದಳು ಫರ್ಜಾನಾ.

ಬ್ರೂಸ್‌ಪೇಟೆಯಲ್ಲಿ ಆಕೆಯನ್ನು ಜಗಳಗಂಟಿ ಎಂದವರಿದ್ದಾರೆ, ಸೊಕ್ಕಿನವಳು ಎಂದವರಿದ್ದಾರೆ. ಎರಡಕ್ಕೂ ಆಕೆ ಬೇಜಾರಾದವಳಲ್ಲ. ಕೆಲಸಗಳ್ಳಿ ಎಂದು ಮಾತ್ರ ಅನ್ನಿಸಿಕೊಂಡವಳಲ್ಲ. ಆ ಸಿಟ್ಟಿನಲ್ಲೇ ಒಂದು ಚಿಮಟ ತೆಗೆದುಕೊಂಡು ಕೀಬೋರ್ಡಿನ ನಾಲ್ಕಾರು ಅಕ್ಷರಗಳ ಟೋಪಿ ಪಟಪಟ ಕಿತ್ತಳು. ಕೆಳಗೆ ಸ್ವಿಚ್ಚುಗಳು. ಕೆಲವು ಕಪ್ಪು, ಕೆಲವು ನೀಲಿ.

ಆಕೆ ಹೇಳಿದ ವಿಷಯ ಇಷ್ಟೇ. ಆಕೆಯ ತಂದೆ ಉಸ್ಮಾನಸಾಬ್ ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ತರು. ಮಗಳು ಹರೆಯದಲ್ಲಿ ಅವರದೇ ಯೂನಿಟ್ಟಿನಲ್ಲಿ ಜೋಡಿ ಸೂಜಿಯ ಮಶೀನಿಗೆ ಕೂತಿದ್ದಳು. ಒಂದು ದಿನ ಎರಡೂ ಸೂಜಿ ಬಲಗೈಯ ಉಂಗುರ ಬೆರಳನ್ನೂ ಕಿರುಬೆರಳನ್ನೂ ಡೆನಿಮ್ಮಿನ ಜೊತೆಗೇ ಹೊಲಿದುಬಿಟ್ಟವು. ಗಾಯ ಮಾಯಿತು. ಆದರೆ ಆ ಎರಡು ಬೆರಳಿಗೆ ಸ್ಪರ್ಶ ಮರಳಲಿಲ್ಲ. ಬಿಸಿ ಗೊತ್ತಿಲ್ಲ, ತಣ್ಣಗೆ ಗೊತ್ತಿಲ್ಲ. ಕೀ ಒತ್ತಿದರೂ ಒತ್ತಿದೆ ಎಂದು ಗೊತ್ತಿಲ್ಲ. ಹೊಲಿಗೆ ಬಿಟ್ಟು ಟೈಪಿಂಗಿಗೆ ಬಂದ ಮೇಲೆ ಆಕೆ ಕಂಡುಕೊಂಡ ಉಪಾಯವೇ ಇದು. ಜೀವ ಇರುವ ಬೆರಳುಗಳ ಕೆಳಗೆ ಸದ್ದಿಲ್ಲದ ಕಪ್ಪು ಸ್ವಿಚ್ಚು. ಜೀವ ಇಲ್ಲದ ಎರಡರ ಕೆಳಗೆ, ಅಂದರೆ ಲ, ಳ, ಪ, ಒ ಇರುವ ಕಡೆ, ಟಕ್ ಎನ್ನುವ ನೀಲಿ ಸ್ವಿಚ್ಚು. ಬೆರಳಿಗೆ ಗೊತ್ತಾಗದ್ದನ್ನು ಕಿವಿಗೆ ಹೇಳಲಿಕ್ಕೆ.

"ಒಂದು ಪ್ಯಾಂಟಿಗೆ ಒಂದೇ ದಾರ ಹಾಕ್ತಾರೇನ್ರಿ? ಜೇಬಿಗೆ ಬ್ಯಾರೆ, ತಳದ ಮಡಿಕಿಗೆ ಬ್ಯಾರೆ. ಇದೂ ಹಂಗ. ಎಲ್ಲಾ ಟಕ್ ಅಂದ್ರ ಗದ್ದಲ್ದಾಗ ಯಾವ ಬೆಳ್ಳು ಹೊಡೀತು ತಿಳಿಯಂಗಿಲ್ಲ. ಎಲ್ಲಾ ಸುಮ್ನಿದ್ರ ಹೊಡೀತೋ ಇಲ್ಲೋ ತಿಳಿಯಂಗಿಲ್ಲ. ಅದಕ್ಕ ಬೆರಕಿ ಮಾಡೀನಿ." ಆಮೇಲೆ ದನಿ ಇಳಿಸಿದಳು. "ಬೆಳ್ಳು ಸತ್ತಾವು ಅಂತ ಪ್ಯಾಟ್ಯಾಗ ಯಾರಿಗೂ ಗೊತ್ತಿಲ್ಲ. ಗೊತ್ತಾದ್ರ ಬಿಲ್ಲು, ಲಗ್ನಪತ್ರ ಯಾವನೂ ಕೊಡಂಗಿಲ್ಲ. ನಿಮ್ಮ ಹೊಟ್ಟ್ಯಾಗ ಇರ್ಲಿ."

"ಆತು, ಆತು. ಯಾರ ಮುಂದನೂ ಬಾಯಿ ಬಿಡಬ್ಯಾಡ, ನಾ ಅದೀನಿ," ಎಂದರು ಉಮಾಪತಿಯವರು.

ಫರ್ಜಾನಾಳಿಗೆ ಸಮಾಧಾನವಾಯಿತು. ಆದರೆ ಅವರು ಹೇಳಿದ್ದು ಫೋನಿಗೆ. ಎರಡು ಕಿವಿಗೆ ಎರಡು ಫೋನಿದ್ದ ಮನುಷ್ಯ. ಆಕೆಯ ಕಥೆಯಲ್ಲಿ ಸೂಜಿ ಬೆರಳಿಗೆ ಇಳಿದ ಹೊತ್ತಿಗೆ ಒಂದು ಕರೆ ಬಂದಿತ್ತು, ನೀಲಿ ಸ್ವಿಚ್ಚಿನ ಹೊತ್ತಿಗೆ ಇನ್ನೊಂದು. ಆಕೆ ಹೇಳಿದ್ದರಲ್ಲಿ ಅವರ ತಲೆಗೆ ಇಳಿದದ್ದು ಒಂದೇ: ಈ ಹೆಂಗಸು ಪಾಪ, ಗುಜರಿ ಸಾಮಾನು ಕೂಡಿಸಿ ಕೀಬೋರ್ಡ್ ಮಾಡಿಕೊಂಡಿದ್ದಾಳೆ.

ಪಾಪ ಅನ್ನಿಸಿದರೆ ಸುಮ್ಮನಿರುವವರಲ್ಲ ಅವರು. ಸುಮ್ಮನಿರಬಾರದಂಥ ಕಾಲವೂ ಅದಾಗಿತ್ತು. ಚೀನಾದವರು ನಮ್ಮ ಕಬ್ಬಿಣದ ಅದಿರಿನ ಮಣ್ಣನ್ನು ಹಡಗು ಹಡಗು ಒಯ್ಯುತ್ತಿದ್ದರು. ಬಳ್ಳಾರಿಯಲ್ಲಿ ಕಾಗೆಯಿಂದ ಹಿಡಿದು ಕರೆಂಟು ಕಂಬದವರೆಗೆ ಎಲ್ಲಕ್ಕೂ ಒಂದೇ ಕೆಂಪು ಬಣ್ಣ. ಕುರುಗೋಡಿನ ದಾರಿಯಲ್ಲಿ ಉಮಾಪತಿಯವರಿಗೆ ಒಂದು ಹೊಲವಿತ್ತು. ಹೊಲ ಎನ್ನುವುದು ಪಹಣಿಯ ಮಾತು, ನೋಡಿದವರು ಬಂಡೆ ಎನ್ನುತ್ತಿದ್ದರು. ಅದಿರು ಸುರಿಯಲು ಜಾಗ ಹುಡುಕುತ್ತಿದ್ದ ಯಾರೋ ಅದನ್ನು ಬಾಡಿಗೆಗೆ ಹಿಡಿದರು. ಬಾಡಿಗೆಯಿಂದ ಟಿಪ್ಪರು ಬಂತು, ಟಿಪ್ಪರಿಂದ ಗಾಂಧಿನಗರದಲ್ಲಿ ಲಿಫ್ಟ್ ಇರುವ ಎರಡಂತಸ್ತಿನ ಮನೆ ಬಂತು. ಗಣಿಯ ಬಾಯಿಯನ್ನು ಅವರು ಒಮ್ಮೆಯೂ ಕಂಡವರಲ್ಲ. ಆದರೂ ಕನ್ನಡಿಯ ಮುಂದೆ ನಿಂತಾಗ ಅವರಿಗೆ ಕಾಣುತ್ತಿದ್ದದ್ದು ಗಣಿಧಣಿಯೇ. ಐವತ್ತು ತುಂಬುವ ಸಂದರ್ಭಕ್ಕೆಂದು ‘ಧೂಳಿನಿಂದ ದಿಗಂತದವರೆಗೆ’ ಎಂಬ ಈ ಗ್ರಂಥಕ್ಕೆ ಕೈ ಹಾಕಿದ್ದೂ ಆ ಕನ್ನಡಿಯ ಒತ್ತಾಯಕ್ಕೇ.

ನಡುವೆ ಒಂದು ನಿಯೋಗದ ಬಾಲ ಹಿಡಿದು ಚೀನಾಕ್ಕೆ ಹೋಗಿ ಬಂದರು. ಬರುವಾಗ ಫರ್ಜಾನಾಳಿಗೊಂದು ಕೀಬೋರ್ಡು ತಂದರು. ಕಪ್ಪಗೆ ಮಿರಿಮಿರಿ ಮಿಂಚುವ ಭಾರದ ಜಿನಸು. ಉದ್ದಕ್ಕೂ ಒಂದೇ ಜಾತಿಯ ಸ್ವಿಚ್ಚು; ಯಾವುದನ್ನು ಒತ್ತಿದರೂ ಬೆಣ್ಣೆಗೆ ಬೆರಳು ಇಳಿದಂತೆ, ಸದ್ದೆಂಬುದೇ ಇಲ್ಲ. ಮೇಲ್ಗಡೆ ಬಂಗಾರದ ಬಣ್ಣದಲ್ಲಿ ‘ಶ್ರೀ ಉಮಾಪತಿಯವರ ಕೊಡುಗೆ’ ಎಂದು ಕೆತ್ತಿಸಿದರು. ಫರ್ಜಾನಾ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿದ್ದ ವೇಳೆ ನೋಡಿ, ಮೆಣಸಿನಕಾಯಿ ಅಂಗಡಿಯವರಿಂದ ಕೀಲಿಕೈ ಇಸಿದುಕೊಂಡು, ಹೊಸದನ್ನು ಜೋಡಿಸಿ ಹಳೆಯದನ್ನು ಕಾರಿಗೆ ಹಾಕಿಸಿದರು. ಬೆರಗು ಹುಟ್ಟಿಸದೆ ಕೊಟ್ಟರೆ ಅದೊಂದು ಕೊಡುಗೆಯೇ?

"ಹಳೇದು ಏನ್ ಮಾಡ್ಲಿ ಸಾರ್?" ಎಂದ ಡ್ರೈವರು ಎರ್ರೆಪ್ಪ.

"ಹೊಸದು ಬಂದ ಮನ್ಯಾಗ ಹಳೇದರ ಮಾರಿ ಕಾಣಬಾರದಲೇ. ಎಲ್ಲ್ಯಾರ ನೀರಿಗೆ ಬಿಡು."

ಎರ್ರೆಪ್ಪ ಹೇಳಿದ ಕೆಲಸ ಮಾಡುವ ಮನುಷ್ಯ. ಮರುದಿನ ಸಿರುಗುಪ್ಪಕ್ಕೆ ಹೋಗುವಾಗ ದಾರಿಯ ಕಾಲುವೆಯಲ್ಲಿ ಬಿಟ್ಟ. ಬಿಡುವಾಗ ಕೈ ಮುಗಿದೆ ಎಂದೂ ವರದಿ ಒಪ್ಪಿಸಿದ.

ಫರ್ಜಾನಾ ಫೋನು ಮಾಡಿದಳು. "ಸಾವ್ಕಾರ್ರ, ನನ್ನ ಕೀಬೋರ್ಡ್..."

"ಧನ್ಯವಾದ ಎಲ್ಲಾ ಬ್ಯಾಡವಾ, ನಮ್ಮ ಕರ್ತವ್ಯ," ಎಂದು ಉಮಾಪತಿಯವರು ಇಟ್ಟುಬಿಟ್ಟರು. ಆಕೆ ಮತ್ತೆ ಮಾಡಿದಳು. ಎಷ್ಟು ಕೃತಜ್ಞತೆ ಈ ಹೆಣ್ಣುಮಗಳಿಗೆ ಎಂದು ಅವರಿಗೆ ಕಣ್ಣು ತೇವವಾಯಿತು. ತೇವವಾದ ಕಣ್ಣಿನಲ್ಲಿ ಫೋನು ಎತ್ತುವುದು ಬೇಡವೆಂದು ಎತ್ತಲಿಲ್ಲ.

ಆ ವಾರ ಎರ್ರೆಪ್ಪ ಕರಡು ತಂದ. ಮೊದಲ ಸಾಲಿನಲ್ಲೇ ‘ಉಮಾಪಪಪತಿ’. ಎರಡನೆಯ ಸಾಲಿನಲ್ಲಿ ‘ಉಮಾತಿ’. ಲಕಾರವಂತೂ ಒಂದು ಪುಟದಲ್ಲಿ ಪೂರ್ತಿ ಗೈರುಹಾಜರು, ಮುಂದಿನ ಪುಟದಲ್ಲಿ ಎರಡೆರಡು.

"ಇವನ್ಯಾವನಲೇ ಉಮಾತಿ? ನನ್ನ ಪುಸ್ತಕದಾಗ ಇವನಿಗೇನು ಕೆಲಸ?" ಎಂದು ಕೂಗಾಡಿ, ಇನ್ನೊಮ್ಮೆ ಹೀಗಾದರೆ ಕೆಲಸ ಗಾಂಧಿನಗರದ ಸೆಂಟರಿಗೆ ಕೊಡುತ್ತೇನೆಂದೂ, ಯಾಕೆ ಕೊಟ್ಟೆನೆಂದು ಇಡೀ ಬ್ರೂಸ್‌ಪೇಟೆಗೆ ಹೇಳುತ್ತೇನೆಂದೂ ಹೇಳಿಕಳಿಸಿದರು.

ಮುಂದಿನ ಕರಡು ನೀಟಾಗಿ ಬಂತು. ಹೊಸ ಚಪ್ಪಲಿ ಕಾಲಿಗೆ ಒಗ್ಗಿದ ಹಾಗೆ ವಿದೇಶದ ಕೀಬೋರ್ಡು ಕೈಗೆ ಒಗ್ಗಿತು ಎಂದುಕೊಂಡರು. ಎರ್ರೆಪ್ಪ ಬೇರೆಯೇ ಹೇಳಿದ: "ಆಕಿ ಅದರ ಹೊಟ್ಟಿ ಸೀಳಿಕೊಂಡು ಕುಂತಿದ್ಳು ಸಾರ್. ಬ್ಯಾಂಕಿನವರು ಗುಜರಿಗೆ ಹಾಕಿದ ಹಳೇ ಕೀಬೋರ್ಡಿಂದ ನೀಲಿ ಸ್ವಿಚ್ಚು ಬಿಚ್ಚಿ ಇದಕ್ಕ ಬೆಸಿಗಿ ಹಾಕಾಕತ್ತಿದ್ಳು. ಹೊಗಿ ಬರಾಕತ್ತಿತ್ತು." ಉಮಾಪತಿಯವರು ಹೂಂ ಹೂಂ ಎಂದರು. ಹೂಂ ಅಂದದ್ದು ಪೆಂಡಾಲಿನವನಿಗೆ, ಎಡಗಿವಿಯ ಫೋನಿನಲ್ಲಿ.

ಸಮಾರಂಭ ಸಿರುಗುಪ್ಪದಲ್ಲಿ. ಬಳ್ಳಾರಿಯ ಕಲ್ಯಾಣಮಂಟಪಗಳನ್ನೆಲ್ಲ ಹೊಸ ಶ್ರೀಮಂತರು ಮಕ್ಕಳು ಹುಟ್ಟುವ ಮೊದಲೇ ಅವರ ಮದುವೆಗೆ ಹಿಡಿದಿಟ್ಟಿದ್ದರು. ಹಾಗಾಗಿ ಉಚ್ಚಂಗೆಪ್ಪನವರ ಅಕ್ಕಿ ಗಿರಣಿಯ ಅಂಗಳದಲ್ಲಿ ಪೆಂಡಾಲು ಎದ್ದಿತು. ಈ ಉಚ್ಚಂಗೆಪ್ಪನವರೇ ಅಧ್ಯಕ್ಷರು. ಸುತ್ತಲಿನ ಗಿರಣಿಗಳ ಬಿಲ್ಲು, ರಸೀದಿ ಎಲ್ಲ ಅವರ ಮಾತಿನ ಮೇಲೆ ಫರ್ಜಾನಾಳ ಬಳಿಗೆ ಬರುತ್ತಿದ್ದವು. ಆಕೆಯ ಒಲೆ ಉರಿಯುತ್ತಿದ್ದದ್ದು ಲಗ್ನಪತ್ರಗಳಿಗಿಂತ ಹೆಚ್ಚಾಗಿ ಆ ಬಿಲ್ಲುಗಳಿಂದ.

ಕಾರ್ಯಕ್ರಮದ ತಿರುಳು ಉಮಾಪತಿಯವರ ಸ್ವಂತ ಕಲ್ಪನೆ. ಗ್ರಂಥದ ಕೊನೆಯ ವಾಕ್ಯವನ್ನು ಅವರು ವೇದಿಕೆಯಿಂದ ನುಡಿಯುವುದು. ಫರ್ಜಾನಾ ಅಲ್ಲೇ ಟೈಪಿಸುವುದು. ದೊಡ್ಡ ಪರದೆಯ ಮೇಲೆ ಅಕ್ಷರಗಳು ಮೂಡುವುದು. ಜನ ಚಪ್ಪಾಳೆ ತಟ್ಟುವುದು. ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ ಫರ್ಜಾನಾ ಕೂತಳು. ಉಮಾಪತಿಯವರು ಶಾಲು, ಪೇಟ, ಎದೆಗೆ ಅಂಗೈಯಗಲದ ರಿಬ್ಬನ್ ಹೂವಿನ ಬ್ಯಾಡ್ಜು ಧರಿಸಿ ಎದ್ದು ನಿಂತರು.

"ಮಹನೀಯರೇ, ಈ ಕೀಬೋರ್ಡು ಚೀನಾ ದೇಶದ್ದು. ಇದರ ವಿಶೇಷ ಏನಂದರೆ ಸದ್ದಿಲ್ಲ! ದೊಡ್ಡವರ ಕೆಲಸ ಹಂಗ ಇರ್ತೈತಿ, ಸದ್ದಿಲ್ಲದೆ ಆಗ್ತೈತಿ. ಲೇ ಎರ್ರೆಪ್ಪ, ಆ ಮೈಕ್ ತಂದು ಕೀಬೋರ್ಡಿಗೆ ಹಿಡಿ. ಆ ಮೌನ ಜನರೂ ಕೇಳ್ಲಿ."

ಫರ್ಜಾನಾ ಕೀಬೋರ್ಡಿಗೆ ಕೈ ಅಡ್ಡ ಹಿಡಿದಳು. "ಮೈಕ್ ಬ್ಯಾಡ್ರಿ ಸಾವ್ಕಾರ್ರ. ಕೈ ಮುಗಿತೀನಿ, ಮೈಕ್ ಬ್ಯಾಡ."

"ನಾಚಿಗಿ," ಎಂದು ಉಮಾಪತಿಯವರು ಸಭೆಗೆ ವಿವರಿಸಿದರು. ಆಮೇಲೆ ಕಣ್ಣು ಮುಚ್ಚಿ, ದನಿಗೆ ಗಾಂಭೀರ್ಯ ತಂದುಕೊಂಡು ನುಡಿದರು: "ಬಳ್ಳಾರಿಯ ಒಡಲಿನಿಂದ ಒಡಮೂಡಿದ ಉಮಾಪತಿ..."

ಟಕ್.

ನಾಲ್ಕೂ ಮೂಲೆಯ ಲೌಡ್‌ಸ್ಪೀಕರಿನಿಂದ ಬಂತು, ಬಂಡಿ ಅಚ್ಚು ಮುರಿದ ಹಾಗೆ. ಮುಂದಿನ ಸಾಲಿನ ಕೂಸೊಂದು ಕಿಟಾರನೆ ಕಿರುಚಿತು. ಟಕ್. ಟಕ್. ಟಕ್. ಪೆಂಡಾಲಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹೋದವು. ಉಮಾಪತಿಯವರು ಕಣ್ಣು ತೆರೆದರು. ಬಾಯಿ ಮೊದಲೇ ತೆರೆದಿತ್ತು. ಬೆಣ್ಣೆಯಂಥ ತಮ್ಮ ಕೀಬೋರ್ಡು, ತಮ್ಮ ಹೆಸರು ಹೊತ್ತ ಕೀಬೋರ್ಡು, ಸಾವಿರ ಜನರೆದುರು ಹಲ್ಲು ಕಡಿಯುತ್ತಿತ್ತು.

ತೆರೆದ ಬಾಯಿಂದ ಹೊರಟದ್ದು ಹೀಗೆ: "ಇದು ನಂದಲ್ಲ! ನನ್ನ ಕೀಬೋರ್ಡಿಗೆ ಸದ್ದಿಲ್ಲ! ಏ ಫರ್ಜಾನಾ, ನಂದನ್ನ ಮಾರಿಕೊಂಡು ಇದ್ಯಾವ್ದೋ ಗುಜರಿ ತಂದು ಇಟ್ಟೀಯೇನು?"

ಮೈಕು ಕೀಬೋರ್ಡಿನ ಹತ್ತಿರವೇ ಇತ್ತು. ಎಲ್ಲರಿಗೂ ಕೇಳಿಸಿತು. ‘ಮಾರಿಕೊಂಡಳಂತೆ’ ಎಂಬ ಮಾತು ಕುರ್ಚಿಯಿಂದ ಕುರ್ಚಿಗೆ ಹರಿದು ಅಡುಗೆಯವರ ತನಕ ಹೋಯಿತು.

ಫರ್ಜಾನಾ ಎದ್ದಳು. ಸುಮ್ಮನಿದ್ದರೆ ಕಳ್ಳಿ. ಬಾಯಿ ಬಿಟ್ಟರೆ ಇಷ್ಟು ವರ್ಷ ಯಾರಿಗೂ ತೋರಿಸದ ಬೆರಳು ಬಯಲಿಗೆ, ಅದೂ ಬಿಲ್ಲು ಕೊಡುವ ಗಿರಣಿಯವರೆಲ್ಲ ಎದುರಿಗೇ ಸಾಲಾಗಿ ಕೂತಿರುವಾಗ. ಆಕೆ ಒಮ್ಮೆ ಉಚ್ಚಂಗೆಪ್ಪನವರ ಕಡೆ ನೋಡಿದಳು. ಆಮೇಲೆ ಉಮಾಪತಿಯವರ ಎದುರಿಗೆ ಹೋಗಿ ನಿಂತಳು.

"ನಿಮ್ಮ ಎದಿ ಮ್ಯಾಲಿನ ಪಿನ್ನು ಕೊಡ್ರಿ."

ಸನ್ಮಾನ ವಾಪಸ್ ಕಿತ್ತುಕೊಳ್ಳುತ್ತಿದ್ದಾಳೆ ಎಂದು ಹೆದರಿ ಅವರು ಎರಡೂ ಕೈಯಲ್ಲಿ ಬ್ಯಾಡ್ಜು ಹಿಡಿದುಕೊಂಡರು. ಆಕೆ ಕೈ ಸರಿಸಿ ಪಿನ್ನು ಬಿಚ್ಚಿಕೊಂಡಳು. ಬಲಗೈ ಮೇಲೆತ್ತಿ, ಉಂಗುರ ಬೆರಳಿನ ತುದಿಗೆ ಪಿನ್ನು ಇಟ್ಟು, ಗುಂಡಿ ಹೊಲಿಯುವವರ ಹಾಗೆ ನಿಧಾನವಾಗಿ ಒಳಕ್ಕೆ ಇಳಿಸಿದಳು.

ಸಭೆಯಿಂದ ‘ಅಯ್ಯಯ್ಯೋ’ ಎಂಬ ಒಂದೇ ದನಿ ಎದ್ದಿತು. ಉಮಾಪತಿಯವರು ಮೈಕಿನ ಕಂಬ ಹಿಡಿದುಕೊಂಡರು. ಫರ್ಜಾನಾಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ರಕ್ತದ ಒಂದು ಹನಿ ಮಾತ್ರ ಬೆರಳ ತುದಿಯಲ್ಲಿ ಬಂದು ಕೂತಿತು.

"ಈ ಬೆಳ್ಳು ಸತ್ತು ಬಾಳ ವರ್ಷ ಆತ್ರಿ. ಮಗ್ಗುಲಿಂದೂ ಹಂಗ," ಎಂದಳು ಸಭೆಗೆ. "ಒತ್ತಿದ್ದು ಇವಕ್ಕ ತಿಳಿಯಂಗಿಲ್ಲ. ಅದಕ್ಕ ಇವುಗಳ ಕೆಳಗ ಅಷ್ಟ ಸದ್ದಿನ ಸ್ವಿಚ್ಚು ಹಾಕ್ಕೊಂಡೀನಿ. ಮಾರಿಲ್ಲ. ಬೇಕಾದ್ರ ಇವರ ಹೆಸ್ರು ಓದ್ರಿ, ಮ್ಯಾಲೆ ಬರದೈತಿ. ಇವರ ಸಾಮಾನಾ ಇದು. ಬೆರಕಿ ಮಾಡೀನಿ."

"ಫರ್ಜಾನಾ," ಎಂದರು ಉಮಾಪತಿಯವರು. "ಇದನ್ನ ನೀ ನನಗ ಮೊದ್ಲ ಹೇಳಬಾರದೇನು?"

"ಹೇಳೀನ್ರಿ. ನೀವು ಫೋನಿನಾಗ ಇದ್ರಿ."

"ನಾ... ಆ ಹಳೇ ಕೀಬೋರ್ಡು..."

"ಕಾಲುವಿಗೆ ಹಾಕ್ಸಿದ್ರಿ. ಎರ್ರೆಪ್ಪ ಹೇಳ್ಯಾನ. ಕೈ ಮುಗದಾನಂತ."

ಉಮಾಪತಿಯವರು ಜೀವನದಲ್ಲಿ ಮೊದಲ ಬಾರಿಗೆ ಸ್ವಂತ ಸಮಾರಂಭದಲ್ಲಿ ಕೂತುಬಿಟ್ಟರು. ಎಡಗಿವಿಯ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅದನ್ನು ಜೇಬಿನಿಂದ ತೆಗೆದು, ಅದು ಏನು ಎಂದೇ ತಿಳಿಯದವರಂತೆ ನೋಡಿ, ಎರ್ರೆಪ್ಪನ ಕೈಗಿಟ್ಟರು. ಒಬ್ಬ ಹೆಂಗಸಿನ ಎರಡು ಬೆರಳನ್ನು ನೀರಿಗೆ ಬಿಡಿಸಿ, ಅದಕ್ಕೆ ಬದಲಾಗಿ ತಮ್ಮ ಹೆಸರು ಕೆತ್ತಿಸಿ ಕೊಟ್ಟಿದ್ದೇನೆ ಎಂಬುದು ಅವರಿಗೆ ಈಗ ತಿಳಿಯಿತು.

ಎಲ್ಲರೂ ಉಚ್ಚಂಗೆಪ್ಪನವರನ್ನು ನೋಡುತ್ತಿದ್ದರು. ಅವರು ಕನ್ನಡಕ ತೆಗೆದು ಪಂಚೆಗೆ ಒರೆಸಿದರು.

"ಅಲ್ಲವ್ವಾ, ನಮ್ಮ ಮಿಲ್ಲಿನ ಬಿಲ್ಲು ಎಲ್ಲಾ ಇವೇ ಬೆಳ್ಳಿಲೆ ಹೊಡದಿದ್ದೇನು?"

"ಹೌದ್ರಿ."

"ಒಂದು ಸಲ ನನ್ನ ಹೆಸ್ರು ತಪ್ಪಿಸಿದ್ದಿ ನೋಡು. ಉಚ್ಚಂಗೆಪ್ಪ ಹೋಗಿ ಉಂಗೆಪ್ಪ ಆಗಿತ್ತು. ವರ್ಷ ಪೂರ್ತಿ ನನ್ನ ಬೀಗರು ಹಂಗ ಕರದ್ರು."

"ಅದು ಎಡಗೈ ತಪ್ಪು ರೀ. ಜೀವ ಇರೋ ಬೆಳ್ಳು ಮಾಡಿದ್ದು."

ಉಚ್ಚಂಗೆಪ್ಪನವರು ಕನ್ನಡಕ ಮತ್ತೆ ಏರಿಸಿಕೊಂಡರು. ಫರ್ಜಾನಾ ಬೆರಳಿನ ರಕ್ತ ಒರೆಸುವುದನ್ನೂ ಮರೆತು ನಿಂತಿದ್ದಳು.

"ಹಂಗಾದ್ರ ಈ ವರ್ಷದ ಬಿಲ್ಲಿನಾಗ ಎಡಗೈ ಮ್ಯಾಲೆ ನಿಗಾ ಇರ್ಲಿ," ಎಂದರು. "ಕುಂದರವ್ವ, ಆ ವಾಕ್ಯ ಏನೈತಿ ಮುಗಿಸಿಬಿಡು. ಅನ್ನ ಆರಾಕತ್ತೈತಿ. ಉಮಾಪತಿ, ಏಳಪ್ಪಾ, ಜಲ್ದಿ ಹೇಳು, ಮಂದಿ ಹಸದಾರ."

ಉಮಾಪತಿಯವರು ಎದ್ದು ಹೇಳಿದರು. ಒಂದು ಪುಟ ಆಗಬೇಕಿದ್ದ ವಾಕ್ಯ ಒಂದು ಸಾಲಿಗೆ ಮುಗಿಯಿತು. ದಿಗಂತದ ಮಾತು ಬಿಟ್ಟೇ ಹೋಯಿತು. ಟಕ್, ಟಕ್ ಎಂದು ಸದ್ದು ಬಂದಾಗಲೆಲ್ಲ ಜನ ಈಗ ಚಪ್ಪಾಳೆ ತಟ್ಟಿದರು. ಅವರು ತಟ್ಟುತ್ತಿದ್ದದ್ದು ವಾಕ್ಯಕ್ಕಲ್ಲ ಎಂಬುದು ಉಮಾಪತಿಯವರಿಗೂ ಗೊತ್ತಾಯಿತು.

ಊಟದ ಪಂಕ್ತಿಯ ಕೊನೆಗೆ ಫರ್ಜಾನಾ ಬೆರಳಿಗೆ ಬಟ್ಟೆ ಸುತ್ತಿಕೊಂಡು ಎಲೆ ಹಾಕಿಸಿಕೊಂಡು ಕೂತಿದ್ದಳು. ಉಮಾಪತಿಯವರು ಪೇಟ ಕಂಕುಳಲ್ಲಿ ಇಟ್ಟುಕೊಂಡು ಬಂದು ಪಕ್ಕದಲ್ಲಿ ಕೂತರು. ಕ್ಷಮಿಸು ಎನ್ನುವ ಮಾತು ನಾಲಗೆ ತನಕ ಬಂದು ಬಂದು ಹಿಂದಕ್ಕೆ ಹೋಯಿತು. ಇಷ್ಟೆಲ್ಲ ಆದ ಮೇಲೂ ಒಳಗೆ ಇನ್ನೊಂದು ಪ್ರಶ್ನೆ ಕೂತು ಕೊರೆಯುತ್ತಿತ್ತು. ಕೊನೆಗೆ ಅದೇ ಹೊರಬಂತು.

"ಫರ್ಜಾನಾ, ಮೊದಲಿಂದ ಕೊನೀತನಕ ನನ್ನ ಇಡೀ ಜೀವನ ನಿನ್ನ ಕೈಯಾಗ ಹಾದು ಹೋಗೈತಿ. ಖರೇ ಹೇಳು, ಅದರಾಗ ನಿನ್ನ ಮನಸಿಗೆ ಬಾಳ ತಟ್ಟಿದ ಭಾಗ ಯಾವುದು?"

ಫರ್ಜಾನಾ ಅನ್ನಕ್ಕೆ ಸಾರು ಕಲಸುತ್ತ ಹೇಳಿದಳು:

"ನಾ ಟೈಪ್ ಮಾಡೀನ್ರಿ. ಓದಿಲ್ಲ."